ಕಾರ್ಡ್ ಎಸೆದ ಅಮ್ಮಂದಿರ ಪರವಾಗಿ

ಬೇಸ್‌ಬಾಲ್ ಕಾರ್ಡ್, ಅಂದರೆ ಆಟಗಾರರ ಚಿತ್ರ ಅಚ್ಚಾದ ರಟ್ಟು, ಕೂಡಿಡುವವರ ಲೋಕದಲ್ಲಿ ವಿಲನ್ ಒಬ್ಬಳೇ. ಅಮ್ಮ. ಅಮೆರಿಕದಲ್ಲಿ ಐವತ್ತು ದಾಟಿದ ಯಾವ ಗಂಡಸಿನ ಹತ್ತಿರ ಬೇಕಾದರೂ ಕಾರ್ಡಿನ ಮಾತು ತೆಗೆದು ನೋಡಿ, ಒಂದು ನಿಟ್ಟುಸಿರು ಬಿಟ್ಟು ಅದೇ ಕಥೆ ಶುರು ಮಾಡುತ್ತಾರೆ. ಚಿಕ್ಕವನಿದ್ದಾಗ ಶೂ ಡಬ್ಬಿ ತುಂಬ ಕಾರ್ಡ್ ಇತ್ತು, ಅದರಲ್ಲಿ ಹೆಸರಾಂತ ಆಟಗಾರ ಮಿಕ್ಕಿ ಮ್ಯಾಂಟಲ್ ಇದ್ದ, ನಾನು ಕಾಲೇಜಿಗೆ ಹೋದೆ, ಅಮ್ಮ ರೂಮು ಕ್ಲೀನ್ ಮಾಡಿದಳು, ಮುಗೀತು. ನ್ಯೂಜೆರ್ಸಿಗೆ ಬಂದ ಮೇಲೆ ಈ ಕಥೆಯನ್ನು ಪಕ್ಕದ ಮನೆಯವರಿಂದ ಕೇಳಿದ್ದೇನೆ, ನಲ್ಲಿ ರಿಪೇರಿಗೆ ಬಂದವರಿಂದ ಕೇಳಿದ್ದೇನೆ. ಹಲ್ಲಿನ ಡಾಕ್ಟರಂತೂ ನನ್ನ ಬಾಯೊಳಗೆ ಕೈ ಇಟ್ಟುಕೊಂಡೇ ಹೇಳಿದರು. ಆಗ ಎದುರಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈಗ ಬಾಯಿ ಖಾಲಿ ಇದೆ.

ನಮ್ಮನೆಯವರಿಗೂ ಇಂಥದ್ದೇ ಒಂದು ಕಥೆ ಇದೆ, ಆದರೆ ದಾವಣಗೆರೆಯದ್ದು. ತೊಂಬತ್ತರ ದಶಕದಲ್ಲಿ ಹುಡುಗರಾಗಿದ್ದವರಿಗೆ ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಗೊತ್ತಿರುತ್ತದೆ. ಒಂದೊಂದು ಕಾರ್ಡಿನ ಮೇಲೂ ರ‍್ಯಾಂಕು, ಎತ್ತರ, ತೂಕ, ಎದೆಯ ಸುತ್ತಳತೆ, ಬೈಸೆಪ್ಸ್ ಎಲ್ಲ ಬರೆದಿರುತ್ತಿತ್ತು. ಯಾರ ಬೈಸೆಪ್ಸ್ ಜಾಸ್ತಿಯೋ ಅವರು ಎದುರಿನವನ ಕಾರ್ಡು ಗೆದ್ದುಕೊಳ್ಳಬೇಕು. ನಮ್ಮನೆಯವರ ಹತ್ತಿರ ಅಂಥ ಕಾರ್ಡುಗಳ ದೊಡ್ಡ ಕಟ್ಟೇ ಇತ್ತಂತೆ, ಓಣಿಗೆಲ್ಲ ಇವರೇ ಸಾಹುಕಾರರಂತೆ. ಒಂದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ನೋಡಿದ ನಮ್ಮ ಅತ್ತೆ ಆ ಕಟ್ಟನ್ನು ಸೀದಾ ಬಚ್ಚಲ ಒಲೆಗೆ ಹಾಕಿದರು. ಅಂಡರ್‌ಟೇಕರ್, ಯೊಕೊಜುನಾ, ಬ್ರೆಟ್ ಹಾರ್ಟ್ ಎಲ್ಲರೂ ಸೇರಿ ಹಂಡೆಯಲ್ಲಿ ಒಂದು ಚೊಂಬು ನೀರು ಕಾಯಿಸಿರಬಹುದು, ಅಷ್ಟೆ. ಅತ್ತೆಗೆ ಅದರ ನೆನಪೂ ಇಲ್ಲ. ಮಗನಿಗೆ ಮಾತ್ರ ಹೊಗೆಯ ಬಣ್ಣ ಸಮೇತ ನೆನಪಿದೆ.

ಆ ಹೊಗೆಯ ಸೇಡನ್ನು ಇವರು ನ್ಯೂಜೆರ್ಸಿಯಲ್ಲಿ ತೀರಿಸಿಕೊಳ್ಳುತ್ತಿದ್ದಾರೆ. ಶುರುವಾಗಿದ್ದು ಮಗನ ನೆಪದಲ್ಲಿ. ಮಗನಿಗೆ ಶಾಲೆಯಲ್ಲಿ ಯಾರೋ ಒಂದು ಪ್ಯಾಕು ಕೊಟ್ಟರು, ಅವನು ಒಂದು ವಾರ ಆಡಿ ಬಿಟ್ಟ, ಅಪ್ಪನಿಗೆ ಹತ್ತಿಕೊಂಡಿತು. ಈಗ ನಮ್ಮ ಬೇಸ್‌ಮೆಂಟಿನಲ್ಲಿ ಕಾರ್ಡುಗಳಿಗೆ ಅಂತಲೇ ಒಂದು ಡಿಹ್ಯುಮಿಡಿಫೈಯರ್ ಹಗಲೂ ರಾತ್ರಿ ಓಡುತ್ತದೆ. ತೇವಕ್ಕೆ ಹೊಳಪಿನ ಕಾರ್ಡು ಬಾಗುತ್ತದಂತೆ. ಮೇಲೆ ಅಡುಗೆಮನೆಯಲ್ಲಿ ಊರಿಂದ ತಂದ ಹಪ್ಪಳ, ಅರಳು ಸಂಡಿಗೆ ಮೆತ್ತಗಾಗಿ ಕೂತಿವೆ, ಅವಕ್ಕೆ ಯಂತ್ರ ಇಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ಅಮ್ಮಂದಿರ ಮೇಲಿನ ಈ ಆರೋಪದಲ್ಲಿ ಹುರುಳಿದೆಯಾ? ಟಾಪ್ಸ್ ಅನ್ನೋ ಕಂಪನಿ 1952ರಲ್ಲಿ ತಂದ ಮಿಕ್ಕಿ ಮ್ಯಾಂಟಲ್‌ನ ಕಾರ್ಡನ್ನೇ ತಗೊಳ್ಳಿ. 2022ರ ಆಗಸ್ಟ್‌ನಲ್ಲಿ ಅದರ ಒಂದು ಪ್ರತಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ರೂಪಾಯಿ ಅಲ್ಲ, ಡಾಲರು. ಒಂದು ಅಂಗೈಯಲ್ಲಿ ಮುಚ್ಚಿಹೋಗುವ ರಟ್ಟು. ಅದು ಅಷ್ಟು ಅಪರೂಪ ಆಗೋಕೆ ಅಮ್ಮಂದಿರು ಕಾರಣ ಅನ್ನುತ್ತಾರೆ. ಆದರೆ ಆ ಕಾರ್ಡನ್ನು ಅತಿ ಜಾಸ್ತಿ ಎಸೆದವರು ಯಾರು ಗೊತ್ತಾ? ಅದನ್ನು ಮಾಡಿದವರೇ! ಆ ವರ್ಷದ ಕಾರ್ಡುಗಳ ಕೊನೆಯ ಕಂತು, ಮ್ಯಾಂಟಲ್ ಇದ್ದದ್ದು ಅದರಲ್ಲೇ, ಮಾರುಕಟ್ಟೆಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಸೀಸನ್ನೇ ಮುಗಿಯುತ್ತಾ ಬಂದಿತ್ತು, ಹುಡುಗರ ಗಮನ ಫುಟ್‌ಬಾಲ್ ಕಡೆ ತಿರುಗಿತ್ತು, ಡಬ್ಬಿಗಟ್ಟಲೆ ಮಾಲು ಬ್ರೂಕ್ಲಿನ್ನಿನ ಗೋದಾಮಿನಲ್ಲಿ ಹಾಗೇ ಉಳಿಯಿತು. ಆ ಕಾರ್ಡುಗಳ ವಿನ್ಯಾಸ ಮಾಡಿದ್ದ ಸೈ ಬರ್ಗರ್ ಅನ್ನುವವರು ಜಾತ್ರೆ-ಗೀತ್ರೆಗಳಲ್ಲಿ ಬಿಡಿಗಾಸಿಗೆ ಮಾರಲು ನೋಡಿದರು, ಯಾರೂ ಕೊಳ್ಳಲಿಲ್ಲ. ಕೊನೆಗೆ 1960ರಲ್ಲಿ, ಗೋದಾಮಿನಲ್ಲಿ ಜಾಗ ಬೇಕು ಅಂತ, ಎಲ್ಲವನ್ನೂ ಕಸದ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಇದನ್ನು ಬರ್ಗರ್ ತಾವೇ ಹೇಳಿಕೊಂಡಿದ್ದಾರೆ. ನಮ್ಮ ಅತ್ತೆ ಒಂದು ಒಲೆ ಹಚ್ಚಿದ್ದಕ್ಕೆ ಮೂವತ್ತು ವರ್ಷ ಮಾತು ಕೇಳುತ್ತಿದ್ದಾರೆ, ಪಾಪ.

ಈ ಸುರಿದ ಜಾಗ ನ್ಯೂಜೆರ್ಸಿ ಕರಾವಳಿಯ ಆಚೆ ಎಲ್ಲೋ ಇದೆ ಅನ್ನೋದು ಗೊತ್ತಾದ ಮೇಲೆ ನಮ್ಮ ಬೀಚ್ ಪ್ರವಾಸಗಳೆಲ್ಲ ತಿಥಿಯೂಟದ ಥರ ಆಗಿವೆ. ನಾನು ಚಿತ್ರಾನ್ನದ ಡಬ್ಬಿ ತೆಗೆಯುತ್ತೇನೆ, ಮಗ ಮರಳಿನಲ್ಲಿ ಗುಂಡಿ ತೋಡುತ್ತಾನೆ, ಇವರು ಮಾತ್ರ ಪ್ಯಾಂಟು ಮಡಚಿಕೊಂಡು ನೀರಿನಲ್ಲಿ ನಿಂತು ದಿಗಂತ ನೋಡುತ್ತಾರೆ. ಮೊದಲೆಲ್ಲ ನಾನು ಊರು ನೆನಪಾಗಿರಬೇಕು ಅಂದುಕೊಂಡು ಸುಮ್ನೆ ಇರುತ್ತಿದ್ದೆ. ಒಂದು ಸಲ ಹತ್ತಿರ ಹೋಗಿ, ‘ಏನ್ರೀ, ಅಮ್ಮನ್ನ ನೆನೆಸ್ಕೊಂಡ್ರಾ?’ ಅಂದೆ. ‘ಇಲ್ಲ ಕಣೇ, ಮ್ಯಾಂಟಲ್‌ನ’ ಅಂದರು.

ಇನ್ನು ಎಲ್ಲರೂ ಜೋಪಾನ ಮಾಡಿದರೆ ಏನಾಗುತ್ತದೆ? ಅದನ್ನೂ ಅಮೆರಿಕ ಮಾಡಿ ನೋಡಿದೆ. ಹಳೇ ಕಾರ್ಡಿಗೆ ಇಷ್ಟೊಂದು ದುಡ್ಡು ಬರುತ್ತದೆ ಅನ್ನೋ ಸುದ್ದಿ ಎಂಬತ್ತರ ದಶಕದಲ್ಲಿ ಎಲ್ಲರ ಕಿವಿಗೂ ಬಿತ್ತು. ಅಪ್ಪಂದಿರು ಮಕ್ಕಳ ಕಾಲೇಜು ಫೀಸಿಗೆ ಅಂತ ಡಬ್ಬಿ ಡಬ್ಬಿ ಕಾರ್ಡು ತಂದು, ಪ್ಯಾಕು ಕೂಡ ಒಡೆಯದೆ, ಕಪಾಟಿನಲ್ಲಿ ಮುಚ್ಚಿಟ್ಟರು. ಕಂಪನಿಗಳೂ ಕಡಿಮೆ ಇಲ್ಲ, ಕೇಳಿದವರಿಗೆಲ್ಲ ಸಾಕಾಗುವಷ್ಟು ಅಚ್ಚು ಹಾಕಿದವು. ಯಾವ ಅಮ್ಮನೂ ಏನೂ ಎಸೆಯಲಿಲ್ಲ. ಫಲಿತಾಂಶ: 1980ರ ದಶಕದ ಕೊನೆ ಮತ್ತು ತೊಂಬತ್ತರ ಆರಂಭದ ಕಾರ್ಡುಗಳಿಗೆ ಇವತ್ತು ಹೆಚ್ಚೂ ಕಡಿಮೆ ರದ್ದಿ ಬೆಲೆ. ಆ ಕಾಲವನ್ನು ಕಾರ್ಡಿನವರೇ ‘ಜಂಕ್ ವ್ಯಾಕ್ಸ್’, ಅಂದರೆ ಮೇಣದ ಕಾಗದದ ಪ್ಯಾಕಿನ ಕಸದ ಕಾಲ ಅಂತ ಕರೆಯುತ್ತಾರೆ. ಆಟಗಾರ ಕೆನ್ ಗ್ರಿಫಿ ಜೂನಿಯರ್‌ನ, ಅಪ್ಪರ್ ಡೆಕ್ ಕಂಪನಿಯ 1989ರ ಕಾರ್ಡಿನಂಥ ಕೆಲವನ್ನು ಬಿಟ್ಟರೆ ಉಳಿದದ್ದೆಲ್ಲ ಗರಾಜ್ ಸೇಲ್ ಪಾಲು.

ಅಂಥ ಗರಾಜ್ ಸೇಲುಗಳಿಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ. ಒಂದು ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು, ತೀರಿಕೊಂಡ ಗಂಡನ ಕಾರ್ಡಿನ ಡಬ್ಬಿಗಳನ್ನು ಟೇಬಲ್ ಕೆಳಗೆ ಸಾಲಾಗಿ ಜೋಡಿಸಿದ್ದರು. ಟೇಬಲ್ ಮೇಲೆ ದೋಸೆ ಕಾವಲಿಯಂಥ ಒಂದು ಪ್ಯಾನ್ ಇತ್ತು, ಅದಕ್ಕೆ ಬೆಲೆಯ ಚೀಟಿ ಇತ್ತು. ಕಾರ್ಡಿಗೆ ಇರಲಿಲ್ಲ. ಇವರು ಎಷ್ಟು ಅಂತ ಕೇಳಿದ್ದಕ್ಕೆ ಆಕೆ, ಪ್ಯಾನ್ ತಗೊಂಡರೆ ಅದು ಫ್ರೀ, ಆದರೆ ಎಲ್ಲ ಡಬ್ಬಿಯನ್ನೂ ಒಯ್ಯಬೇಕು ಅಂದರು. ‘ಎಲ್ಲ’ ಅನ್ನುವಾಗ ಅವರ ಮುಖದಲ್ಲಿ ಕಂಡ ನೆಮ್ಮದಿ ನಾನು ಬಾಣಂತಿ ಕೋಣೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಪ್ಯಾನ್ ಚೆನ್ನಾಗಿದೆ. ಡಬ್ಬಿಗಳಲ್ಲಿ ಒಡೆಯದ 1988ರ ಪ್ಯಾಕುಗಳಿದ್ದವು, ಆಗಿನ ಕಾಲದಲ್ಲಿ ಕಾರ್ಡಿನ ಜೊತೆ ಒಂದು ಗುಲಾಬಿ ಬಣ್ಣದ ಬಬಲ್ ಗಮ್ ಚಕ್ಕೆಯನ್ನೂ ಇಡುತ್ತಿದ್ದರು. ನಮ್ಮನೆಯವರು ಅದನ್ನು ಬಾಯಿಗೆ ಹಾಕಿಕೊಂಡರು. ಟಕ್ ಅಂತ ಸದ್ದಾಯಿತು. ಗಮ್ಮೋ ಹಲ್ಲೋ ಗೊತ್ತಾಗಲಿಲ್ಲ. ಎರಡೂ ಅಂತ ಆಮೇಲೆ ತಿಳಿಯಿತು. ಹೀಗೇ ನೋಡಿ ನಾವು ಮತ್ತೆ ಆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದು, ಮ್ಯಾಂಟಲ್ ಕಥೆ ಎರಡನೇ ಸಲ ಕೇಳಿದ್ದು.

ಕಳೆದ ದಸರಾಕ್ಕೆ ಅತ್ತೆ ಬಂದಿದ್ದರು. ಬಂದವರಿಗೆ ಮಗ ತನ್ನ ಸಂಪತ್ತನ್ನು ತೋರಿಸಬೇಕಲ್ಲ. ನ್ಯೂಯಾರ್ಕ್ ಯಾಂಕೀಸ್ ತಂಡದ ಏರನ್ ಜಡ್ಜ್‌ನ ಮೊದಲ ವರ್ಷದ ಒಂದು ಕಾರ್ಡು ಹಿಡಿದು, ‘ಅಮ್ಮಾ, ಇದೊಂದಕ್ಕೆ ಒಂದು ಸ್ಕೂಟರ್ ಬರುತ್ತೆ ಗೊತ್ತಾ’ ಅಂದರು. ಅತ್ತೆ ತಲೆಯಾಡಿಸಿದರು. ಮರೆಯಲಿಲ್ಲ. ಆಯುಧಪೂಜೆ ದಿನ ಬೆಳಗ್ಗೆ ನಾವು ಕಾರು ತೊಳೆದು ಒಳಗೆ ಬರುವಷ್ಟರಲ್ಲಿ ಮಿಕ್ಸಿ, ಗ್ರೈಂಡರ್, ಲ್ಯಾಪ್‌ಟಾಪ್, ಹುಲ್ಲು ಕತ್ತರಿಸೋ ಮೆಷಿನ್ ಎಲ್ಲಕ್ಕೂ ಅರಿಶಿನ-ಕುಂಕುಮ ಆಗಿತ್ತು. ಸಾಲಿನ ಕೊನೆಗೆ ಜಡ್ಜ್ ಇದ್ದ. ಟೋಪಿಯ ಕೆಳಗೆ, ಎರಡು ಹುಬ್ಬಿನ ನಡುವೆ, ಸರಿಯಾಗಿ ಒಂದು ಒದ್ದೆ ಕುಂಕುಮದ ಬೊಟ್ಟು. ಬೊಟ್ಟಿಗೆ ಅಂಟಿಕೊಂಡು ಎರಡು ಅಕ್ಷತೆ ಕಾಳು. ಅಂಚಿನಲ್ಲಿ ಅರಿಶಿನದ ಹೆಬ್ಬೆರಳ ಗುರುತು, ಗೆರೆಗಳು ಎಣಿಸುವಷ್ಟು ಸ್ಪಷ್ಟ.

ಇವರ ಬಾಯಿಂದ ಮೊದಲು ಗಾಳಿ ಮಾತ್ರ ಬಂತು. ಆಮೇಲೆ, ‘ಪ್ಲಾಸ್ಟಿಕ್ಕಿಂದ ಯಾಕಮ್ಮಾ ಹೊರಗೆ ತೆಗೆದೆ?’

‘ಪ್ಲಾಸ್ಟಿಕ್ ಮೇಲೆ ಹಚ್ಚಿದ್ರೆ ಅದಕ್ಕೆ ಹಚ್ಚಿದಂಗೆ ಆಗುತ್ತೇನೋ? ಸ್ಕೂಟರ್ ಅಂದ್ಯಲ್ಲ ನೀನೇ. ಸ್ಕೂಟರಿಗೆ ಕವರ್ ಹಾಕಿ ಪೂಜೆ ಮಾಡ್ತಾರಾ?’

ನನಗಂತೂ ಈ ವಾದದಲ್ಲಿ ಒಂದು ತಪ್ಪೂ ಕಾಣಲಿಲ್ಲ.

ಕಾರ್ಡುಗಳಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಕಂಪನಿಗಳಿವೆ. ಚಿತ್ರ ನಟ್ಟನಡುವೆ ಇದೆಯಾ, ಮೂಲೆ ಚೂಪಾಗಿದೆಯಾ, ಅಂಚು ಸವೆದಿದೆಯಾ, ಮೇಲ್ಮೈ ಚೊಕ್ಕವಾಗಿದೆಯಾ, ಎಲ್ಲ ಭೂತಗನ್ನಡಿಯಲ್ಲಿ ನೋಡಿ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಸೀಲ್ ಮಾಡಿ ಕಳಿಸುತ್ತಾರೆ. ಒಂಬತ್ತಕ್ಕೂ ಹತ್ತಕ್ಕೂ ಬೆಲೆಯಲ್ಲಿ ಭೂಮಿ-ಆಕಾಶ ವ್ಯತ್ಯಾಸ. ಇವರು ಏನೋ ಆಸೆಯಿಂದ ಜಡ್ಜ್‌ನನ್ನೂ ಕಳಿಸಿದರು. ತಿಂಗಳುಗಟ್ಟಲೆ ಕಾದ ಮೇಲೆ ಕುಂಕುಮ ಸಮೇತ ಸೀಲ್ ಆಗಿ ವಾಪಸ್ ಬಂತು, ಹತ್ತಕ್ಕೆ ಎರಡು. ವಿಡಿಯೋ ಕಾಲ್‌ನಲ್ಲಿ ಅತ್ತೆಗೆ ತೋರಿಸಿದೆವು. ‘ಎರಡಾ? ನಿನ್ನ ಗಣಿತಕ್ಕಿಂತ ವಾಸಿ ಬಿಡು’ ಅಂದರು. ನೆನಪಿಲ್ಲ ಅಂದಿದ್ದೆನಲ್ಲ, ಅದನ್ನು ವಾಪಸ್ ತಗೊಳ್ಳುತ್ತೇನೆ.

ಆದರೂ ಈ ಅಂಕಗಳನ್ನು ಅಷ್ಟೇನೂ ನಂಬಬೇಕಿಲ್ಲ. ಪ್ರಪಂಚದ ಅತಿ ಪ್ರಸಿದ್ಧ ಕಾರ್ಡು ಹೋನಸ್ ವ್ಯಾಗ್ನರ್ ಅನ್ನೋ ಹಳೇ ಬೇಸ್‌ಬಾಲ್ ಆಟಗಾರನದು. 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಸರಣಿ. ವ್ಯಾಗ್ನರ್ ತನ್ನ ಚಿತ್ರ ಹಾಕಬೇಡಿ ಅಂದ, ಬೇಗ ನಿಲ್ಲಿಸಿದರು, ಹಾಗಾಗಿ ಈಗ ಐವತ್ತರವತ್ತು ಮಾತ್ರ ಉಳಿದಿವೆ. ಮಕ್ಕಳು ಸಿಗರೇಟ್ ಕೊಳ್ಳಬಾರದು ಅಂತ ಬೇಡ ಅಂದ ಅನ್ನುತ್ತಾರೆ ಕೆಲವರು, ದುಡ್ಡು ಕೊಡಲಿಲ್ಲ ಅಂತ ಬೇಡ ಅಂದ ಅನ್ನುತ್ತಾರೆ ಇನ್ನು ಕೆಲವರು. ಅವನೇ ತಂಬಾಕು ಜಗಿಯುತ್ತಿದ್ದವನು, ನಿಮಗೆ ಯಾವುದು ಸರಿ ಅನಿಸುತ್ತೋ ನೋಡಿ. ಅವುಗಳಲ್ಲಿ ಅತಿ ಚೆಂದದ ಪ್ರತಿಯನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಇನ್ನೊಬ್ಬರ ಜೊತೆ ಸೇರಿ 4 ಲಕ್ಷ 51 ಸಾವಿರ ಡಾಲರಿಗೆ ಕೊಂಡರು. ಅದಕ್ಕೆ ಹತ್ತಕ್ಕೆ ಎಂಟು ಅಂಕ ಸಿಕ್ಕಿತ್ತು. ಮೂಲೆಗಳು ಅಷ್ಟು ಚೂಪಾಗಿದ್ದದ್ದು ಹೇಗೆ ಅಂದರೆ, ಅದನ್ನು ಮೊದಲು ಇಟ್ಟುಕೊಂಡಿದ್ದ ವ್ಯಾಪಾರಿ ಬಿಲ್ ಮಾಸ್ಟ್ರೋ ಅಂಚು ಕತ್ತರಿಸಿದ್ದ! 2013ರಲ್ಲಿ ಕೋರ್ಟಿನ ಮುಂದೆ ತಾನೇ ಒಪ್ಪಿಕೊಂಡ. ಕತ್ತರಿ ಹಾಕಿದ್ದಕ್ಕೆ ಎಂಟು, ಭಕ್ತಿಯಿಂದ ಕುಂಕುಮ ಇಟ್ಟಿದ್ದಕ್ಕೆ ಎರಡು.

ದೊಡ್ಡ ಸಂಗ್ರಹ ಅಂದರೆ ಜೆಫರ್ಸನ್ ಬರ್ಡಿಕ್ ಅವರದು. ಸಿರಕ್ಯೂಸ್ ಊರಿನಲ್ಲಿ ಕಾರ್ಖಾನೆ ಕೆಲಸ ಮಾಡಿಕೊಂಡಿದ್ದ ಸಾಧಾರಣ ಮನುಷ್ಯ, ಸಂಧಿವಾತದಿಂದ ಬೆರಳು ಮಡಚಲೂ ಕಷ್ಟ. ಮೂರು ಲಕ್ಷಕ್ಕೂ ಜಾಸ್ತಿ ಕಾರ್ಡು ಕೂಡಿಸಿ ಎಲ್ಲವನ್ನೂ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ದಾನ ಕೊಟ್ಟರು. ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ, ವರ್ಷಗಟ್ಟಲೆ ತಾವೇ ಅಲ್ಲಿ ಕೂತು ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚ್‌ನಲ್ಲಿ ತೀರಿಕೊಂಡರು. ನಾವು ಆ ಮ್ಯೂಸಿಯಂಗೆ ಹೋದಾಗ ಇವರು ಗಾಜಿನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದರು. ‘ಅಂಟಿಸಿದ್ದು ಗೋಂದಿನಿಂದ’ ಅಂತ ನಾನು ಹೇಳಿದೆ. ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. ಮೂರು ಲಕ್ಷ ಕಾರ್ಡು, ಹಿಂಬದಿಗೆಲ್ಲ ಗೋಂದು! ಬರ್ಡಿಕ್ ಮದುವೆಯಾಗಿರಲಿಲ್ಲ ಅನ್ನೋದನ್ನೂ ಗಮನಕ್ಕೆ ತಂದೆ, ಇವರು ಕೇಳಿಸಿಕೊಳ್ಳಲಿಲ್ಲ.

ಎಸೆಯದೇ ಇರುವ ಹೆಂಗಸರೂ ಇದ್ದಾರೆ, ಅವರ ಹೆಸರನ್ನು ಯಾರೂ ಹೇಳಲ್ಲ. ಒಹಾಯೋದ ಡಿಫೈಯನ್ಸ್ ಅನ್ನೋ ಊರಿನಲ್ಲಿ 2012ರಲ್ಲಿ ಒಂದು ಮನೆಯ ಅಟ್ಟ ಖಾಲಿ ಮಾಡುವಾಗ ಸುಮಾರು 700 ಕಾರ್ಡುಗಳ ಒಂದು ಡಬ್ಬಿ ಸಿಕ್ಕಿತು. 1910ರ ಸುಮಾರಿನವು, ಆ ಕಾಲದ ದೊಡ್ಡ ಆಟಗಾರರಾದ ಟೈ ಕಾಬ್, ಸೈ ಯಂಗ್, ವ್ಯಾಗ್ನರ್ ಎಲ್ಲ ಹೊಚ್ಚಹೊಸದಾಗಿ. ಮಾಂಸದಂಗಡಿ ಇಟ್ಟಿದ್ದ ಅಜ್ಜ ಯಾವ ಕಾಲದಲ್ಲೋ ಮೇಲಿಟ್ಟು ಮರೆತದ್ದು. ಅಂದರೆ ಆ ಮನೆಯ ಹೆಂಗಸರು ನೂರು ವರ್ಷ ಅಟ್ಟ ಗುಡಿಸಲಿಲ್ಲ! ಲಕ್ಷಾಂತರ ಡಾಲರಿನ ಧೂಳು ಅದು. ನಮ್ಮ ಅಟ್ಟದ ಬಗ್ಗೆ ಮಾತಾಡುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ. ಇನ್ನೂ ಆಶ್ಚರ್ಯ ಏನೆಂದರೆ ಆ ಕಾರ್ಡುಗಳನ್ನು ಅಜ್ಜನ 20 ಮೊಮ್ಮಕ್ಕಳು ಸಮನಾಗಿ ಹಂಚಿಕೊಂಡರಂತೆ. ಇಪ್ಪತ್ತು ಜನ! ನಮ್ಮ ಕಡೆ ಇಪ್ಪತ್ತು ಜನ ದಾಯಾದಿಗಳಿಗೆ ಒಂದು ತೆಂಗಿನಮರ ಬಂದರೆ ಮೂರು ತಲೆಮಾರು ದಾವೆ ನಡೆಯುತ್ತದೆ, ಮರ ಕೋರ್ಟಿಗಿಂತ ಮೊದಲು ಸಾಯುತ್ತದೆ.

ಆ ಗರಾಜ್ ಸೇಲಿನ ಪ್ಯಾನ್ ಮನೆಗೆ ಬಂದಾಗಿನಿಂದ ನಮ್ಮನೆಯವರಿಗೆ ಒಂದು ಭಯ ಹತ್ತಿದೆ. ತಮ್ಮ ನಂತರ ನಾನೂ ಹೀಗೇ ಪಾತ್ರೆಯ ಜೊತೆ ಕಾರ್ಡನ್ನು ಕೊಟ್ಟುಬಿಡುತ್ತೇನೆ ಅಂತ. ಭಯ ಸುಳ್ಳಲ್ಲ. ಅದಕ್ಕೆ ಪ್ರತಿ ಕಾರ್ಡಿನ ವಿವರ ಎಕ್ಸೆಲ್‌ನಲ್ಲಿ ತುಂಬಿಸಿ ನನ್ನನ್ನು ಕೂರಿಸಿ ತೋರಿಸಿದರು. ಯಾರದು, ಯಾವ ವರ್ಷದ್ದು, ಎಷ್ಟು ಅಂಕ, ಎಷ್ಟಕ್ಕೆ ತಗೊಂಡದ್ದು, ಈಗ ಎಷ್ಟು ಬೆಲೆ. ‘ಎಷ್ಟಕ್ಕೆ ತಗೊಂಡದ್ದು’ ಅನ್ನೋ ಕಾಲಮ್ಮು ತುಂಬ ಬಡಕಲಾಗಿತ್ತು, ಐದು ಡಾಲರು, ಎಂಟು ಡಾಲರು. ಅವರು ಟೀ ತರಲು ಎದ್ದು ಹೋದಾಗ ಪಕ್ಕದಲ್ಲಿ ಮುಚ್ಚಿಟ್ಟಿದ್ದ ಇನ್ನೊಂದು ಕಾಲಮ್ಮನ್ನು ಬಿಚ್ಚಿ ನೋಡಿದೆ. ಅದು ಬಡಕಲಾಗಿರಲಿಲ್ಲ. ಮತ್ತೆ ಮುಚ್ಚಿ, ಟೀ ಕುಡಿದು, ತುಂಬ ಚೆನ್ನಾಗಿ ಮಾಡಿದ್ದೀರಿ ಅಂದೆ.

ಅವತ್ತೇ ರಾತ್ರಿ ನಾನೂ ಒಂದು ಎಕ್ಸೆಲ್ ಶುರು ಮಾಡಿದೆ, ನನ್ನ ಸೀರೆಗಳದ್ದು. ಇಳಕಲ್, ಮೈಸೂರು ಸಿಲ್ಕ್, ಮೊಳಕಾಲ್ಮೂರು, ಬಣ್ಣ, ಅಂಚು, ಯಾವ ಕಪಾಟು, ಎಲ್ಲ ಬರೆದಿದ್ದೇನೆ. ಎಷ್ಟಕ್ಕೆ ತಗೊಂಡದ್ದು ಅನ್ನೋ ಕಡೆ, ಮೇಲಿಂದ ಕೆಳಗಿನವರೆಗೂ, ‘ಅಮ್ಮ ಕೊಟ್ಟಿದ್ದು.’