ಸತ್ಯಾಂಶ: ‘ನೆಟ್ ಝೀರೋ’ ಲೆಕ್ಕದಲ್ಲಿ ನಿಮ್ಮ ಪೆಟ್ರೋಲ್ ಇಲ್ಲ

“ತೈಲ ಕಂಪನಿಗಳು ನೆಟ್ ಝೀರೋಗೆ ಸಹಿ ಹಾಕಿವೆ, ಇನ್ನು ಅವುಗಳ ಪೆಟ್ರೋಲಿನಿಂದ ಹವಾಮಾನಕ್ಕೆ ತೊಂದರೆಯಿಲ್ಲ” ಎಂಬ ಸಂದೇಶ ಹರಿದಾಡುತ್ತಿದೆ. ನೆಟ್ ಝೀರೋ ಎಂದರೆ ಭೂಮಿಯನ್ನು ಬಿಸಿಯಾಗಿಸುವ ಅನಿಲಗಳನ್ನು ಆದಷ್ಟು ಇಳಿಸಿ, ಉಳಿದಷ್ಟನ್ನು ಗಾಳಿಯಿಂದ ಹಿಂತೆಗೆದು, ನಿವ್ವಳ ಲೆಕ್ಕವನ್ನು ಸೊನ್ನೆಗೆ ತರುವುದು. ಸಹಿ ನಿಜ, ಅರ್ಥ ತಪ್ಪು.

2023ರ ದುಬೈ ಹವಾಮಾನ ಶೃಂಗಸಭೆಯಲ್ಲಿ ಹಲವು ಕಂಪನಿಗಳು ಒಪ್ಪಿದ್ದು, 2050ರೊಳಗೆ ತಮ್ಮ ‘ಕಾರ್ಯಾಚರಣೆ’ಯನ್ನು ನೆಟ್ ಝೀರೋ ಮಾಡಲು. ಅಂದರೆ ಬಾವಿ, ಪೈಪು, ಸಂಸ್ಕರಣಾಗಾರಗಳ ಹೊಗೆ (ಸ್ಕೋಪ್ 1) ಮತ್ತು ಕೊಂಡ ವಿದ್ಯುತ್ತಿನದು (ಸ್ಕೋಪ್ 2). ಮಾರಿದ ಇಂಧನ ಉರಿದಾಗ ಬರುವುದು ಸ್ಕೋಪ್ 3. ಅದು ಇದರೊಳಗಿಲ್ಲ, ಸಿಂಹಪಾಲು ಇರುವುದೇ ಅಲ್ಲಿ.

ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 0.74 ಕೆ.ಜಿ. ಉರಿದರೆ ಹೊರಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.3 ಕೆ.ಜಿ. (ತೂಕ ಹೆಚ್ಚಿದ್ದು ಹೇಗೆ? ಇಂಗಾಲ ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಳ್ಳುತ್ತದೆ.) ಸಂಸ್ಕರಣಾಗಾರ ಪೂರ್ತಿ ಸೌರಶಕ್ತಿಯಿಂದ ನಡೆದರೂ ಈ ಅಂಕಿ ಕದಲದು.

ಹಾಗಂತ ಎಲ್ಲವೂ ಬೂಟಾಟಿಕೆಯಲ್ಲ. ಬಾವಿ, ಪೈಪುಗಳಿಂದ ಮೀಥೇನ್ (ನೈಸರ್ಗಿಕ ಅನಿಲದ ಮುಖ್ಯ ಅಂಶ) ಸೋರದಂತೆ ತಡೆಯುವುದು ದೊಡ್ಡ ಕೆಲಸವೇ: 20 ವರ್ಷಗಳ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಬಿಸಿಯೇರಿಸುತ್ತದೆ.

ಕಂಪನಿಯ ವರದಿಯಲ್ಲಿ ‘ತೀವ್ರತೆ’ (ಒಟ್ಟು ಹೊಗೆಯಲ್ಲ, ಪ್ರತಿ ಬ್ಯಾರೆಲ್‌ಗೆ ಎಷ್ಟು ಎಂಬ ಲೆಕ್ಕ) ಎಂಬ ಪದ ಕಂಡರೆ ಎಚ್ಚರ. ಪ್ರತಿ ಬ್ಯಾರೆಲ್‌ಗೆ ಹೊಗೆ ಶೇ 10 ಇಳಿದು ಉತ್ಪಾದನೆ ಶೇ 20 ಏರಿದರೆ, ಒಟ್ಟು ಹೊಗೆ ಶೇ 8 ಹೆಚ್ಚಾಗಿರುತ್ತದೆ. ಹಳೆಯ ಬಾವಿಯನ್ನು ಬೇರೆಯವರಿಗೆ ಮಾರಿದರೂ ಅಂಕಿ ಇಳಿಯುತ್ತದೆ. ಬಾವಿ ಮಾತ್ರ ಹೊಸ ಮಾಲೀಕರ ಕೈಯಲ್ಲಿ ಹೊಗೆ ಉಗುಳುತ್ತಲೇ ಇರುತ್ತದೆ.