ಶುಕ್ರವಾರ ರಾತ್ರಿ ಒಂಬತ್ತರ ನಂತರ

ಶುಕ್ರವಾರ ಸಂಜೆಯಾಯಿತೆಂದರೆ ಮೈಸೂರು ಕಡೆಯಿಂದ ಬರುವ ಕಾರುಗಳ ಸಾಲು ಕುಶಾಲನಗರ ದಾಟಿ ಮಡಿಕೇರಿಯ ಏರು ಹತ್ತತೊಡಗುತ್ತದೆ. ಎಷ್ಟೋ ಕಾರುಗಳಲ್ಲಿ ಇಬ್ಬರೇ ಇರುತ್ತಾರೆ. ಜಗಲಿಯಲ್ಲಿ ಕುಳಿತು ಮಳೆ ನೋಡುವುದಕ್ಕೆ, ಬಿಸಿ ಕಾಫಿ ಕುಡಿಯುತ್ತ ಒಂದಿಷ್ಟು ಮಾತಾಡುವುದಕ್ಕೆ ಅವರು ಐದಾರು ಗಂಟೆ ಪ್ರಯಾಣ ಮಾಡಿ, ಹೋಮ್‌ಸ್ಟೇಗೆ ಹಣ ತೆತ್ತು ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆ ಹಣದಿಂದಲೇ ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿ ಒಲೆ ಉರಿಯುತ್ತಿದೆ. ಆದರೆ ಅದೇ ಮಳೆ, ಅದೇ ಜಗಲಿ, ಅದೇ ಕಾಫಿ ಅಂಗಳದಲ್ಲೇ ಇರುವ ನಾವು, ಇಲ್ಲಿಯೇ ಸಂಸಾರ ಹೂಡಿದ ಗಂಡಹೆಂಡಿರು, ಹಾಗೆ ಎದುರುಬದುರು ಕುಳಿತು ಎಷ್ಟು ಕಾಲವಾಯಿತು?

ಎರಡು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ನನ್ನ ಹೆಂಡತಿಯೇ ಕೇಳಿದಳು. ಮದುವೆಯಾಗಿ ಆಗ ಒಂಬತ್ತು ವರ್ಷ. ಅವಳು ಶಾಲಾ ಶಿಕ್ಷಕಿ. ನನಗೆ ಮಡಿಕೇರಿಯಲ್ಲಿ ನೌಕರಿ, ಊರಿನಲ್ಲಿ ಮೂರು ಎಕರೆ ತೋಟ. ಮನೆಯಲ್ಲಿ ಅಪ್ಪ, ಅಮ್ಮ, ಮಗಳು ಇದ್ದಾರೆ. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ, ಆದರೆ ಮಾತು ಮಾತ್ರ ಗ್ಯಾಸ್ ಸಿಲಿಂಡರು, ಮಗಳ ಶುಲ್ಕ, ತೋಟದ ಆಳುಗಳ ಲೆಕ್ಕಕ್ಕೆ ಬಂದು ನಿಂತಿತ್ತು. ಅಂದು ಶುಕ್ರವಾರ ರಾತ್ರಿ ಒಂಬತ್ತರ ನಂತರದ ಹೊತ್ತು ನಮ್ಮಿಬ್ಬರದು ಎಂದು ನಿಶ್ಚಯಿಸಿದೆವು. ಪೇಟೆಯವರು ಇದನ್ನು ‘ಡೇಟ್’ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೊಂದು ಹೆಸರಿಲ್ಲವೆಂಬ ಮಾತ್ರಕ್ಕೆ ನಮಗೆ ಅದರ ಅಗತ್ಯವಿಲ್ಲವೆಂದು ನಾನು ಒಪ್ಪುವುದಿಲ್ಲ. ಯಾವ ಶುಕ್ರವಾರವೂ ನಮ್ಮ ಖರ್ಚು ನೂರು ರೂಪಾಯಿ ದಾಟಿಲ್ಲ.

ಮೊದಲ ವಾರ ನಾನೊಂದು ದೊಡ್ಡ ತಪ್ಪು ಮಾಡಿದೆ. ಕಡಂಬುಟ್ಟು (ಅಕ್ಕಿತರಿಯ ಹಬೆಯುಂಡೆ) ಮತ್ತು ಅಣಬೆ ಸಾರು ತಿನ್ನೋಣವೆಂದು ಹೇಳಿ, ಜಗಲಿಯಲ್ಲಿ ಎರಡು ಕುರ್ಚಿ ಹಾಕಿ ಕಾದು ಕುಳಿತೆ. ಅಕ್ಕಿತರಿ ಬೇಯಿಸಿದವಳೂ, ಉಂಡೆ ಕಟ್ಟಿದವಳೂ, ಪಾತ್ರೆ ತೊಳೆದವಳೂ ಅವಳೇ. ಕುರ್ಚಿಗೆ ಬಂದು ಕುಳಿತಾಗ ಹತ್ತೂವರೆಯಾಗಿತ್ತು, ಅವಳ ಕಣ್ಣು ಮುಚ್ಚುತ್ತಿತ್ತು. ಮನೆಯಲ್ಲೇ ಕಳೆಯುವ ಸಂಜೆ ಅಗ್ಗವೆಂದು ಹೇಳುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹೋಟೆಲಿಗೆ ಕೊಡದೆ ಉಳಿಸಿದ ಹಣವನ್ನು ಹೆಂಗಸಿನ ಬೆನ್ನು ತೀರಿಸುವುದಾದರೆ ಆ ಸಂಜೆ ಅಗ್ಗವಲ್ಲ, ಇಬ್ಬರದೂ ಅಲ್ಲ. ಹಾಗಾಗಿ ಈಗ ಅಡುಗೆಮನೆಯ ಕೆಲಸವೇ ಸಂಜೆಯ ಮೊದಲ ಭಾಗ. ಒಂದು ಲೋಟ ಅಕ್ಕಿತರಿಗೆ ಎರಡೂವರೆ ಲೋಟ ನೀರಿಟ್ಟು, ಉಪ್ಪು, ಏಲಕ್ಕಿ, ಒಂದು ಚಮಚ ತುಪ್ಪ ಹಾಕಿ, ಗಂಟಾಗದಂತೆ ತಿರುವುವುದು ನನ್ನ ಪಾಲು. ಹಿಟ್ಟು ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು, ಆರಿದರೆ ಬಿರುಕು ಬಿಡುತ್ತದೆ. ಅದಕ್ಕೆ ನಾಲ್ಕು ಕೈ ಇದ್ದರೆ ಒಳ್ಳೆಯದು. ನಡುವೆ ತಣ್ಣೀರಿನ ಬಟ್ಟಲಿಟ್ಟುಕೊಂಡು, ಅಂಗೈ ಒದ್ದೆ ಮಾಡಿಕೊಳ್ಳುತ್ತ, ಇಬ್ಬರೂ ಕಟ್ಟುತ್ತೇವೆ. ಅದು ಹಬೆಯಲ್ಲಿ ಬೇಯುವ ಇಪ್ಪತ್ತು ನಿಮಿಷದಲ್ಲಿ ಅವಳು ಹೇಳುವ ಶಾಲೆಯ ಸಂಗತಿಗಳನ್ನು ನಾನು ಅದಕ್ಕೆ ಮೊದಲು ಕೇಳಿರಲೇ ಇಲ್ಲ.

ಮೇಣದಬತ್ತಿಯ ಬೆಳಕಿನ ಊಟವನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ. ಕೊಡಗಿನಲ್ಲಿ ಅದು ಬೇರೆಯೇ ವಿಷಯ. ಜುಲೈ ತಿಂಗಳಲ್ಲಿ ತಂತಿಯ ಮೇಲೆ ಮರ ಬಿದ್ದರೆ ನಮ್ಮ ಕಡೆ ಮೂರು ದಿನ ಕರೆಂಟು ಇರುವುದಿಲ್ಲ. ಮೇಣದಬತ್ತಿ ನಮಗೆ ಅನಿವಾರ್ಯದ ವಸ್ತುವೇ ಹೊರತು ಅಲಂಕಾರದ್ದಲ್ಲ. ಆದರೂ ಆ ಕತ್ತಲಿಗೆ ನಾನು ಋಣಿಯಾಗಿದ್ದೇನೆ. ಕಳೆದ ವರ್ಷ ಅಂಥ ಒಂದು ರಾತ್ರಿ, ಹೆಂಚಿನ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿದ್ದಾಗ, ಅವಳು 2018ರ ಆಗಸ್ಟಿನ ಮಾತು ತೆಗೆದಳು. ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳು ಕುಸಿದ ಆ ದಿನಗಳಲ್ಲಿ ನಮ್ಮ ಮನೆಗೆ ಏನೂ ಆಗಲಿಲ್ಲ, ಆದ್ದರಿಂದ ಅದು ಮುಗಿದ ಕತೆಯೆಂದು ನಾನು ತಿಳಿದಿದ್ದೆ. ಆದರೆ ಅಂದಿನಿಂದ ಪ್ರತಿ ಮಳೆಗಾಲವೂ ಅವಳು ನಡುರಾತ್ರಿ ಎದ್ದು, ಮನೆಯ ಹಿಂದಿನ ಮಣ್ಣಿನ ದರೆಯ ಕಡೆ ಕಿವಿಗೊಟ್ಟು, ಮಗಳ ಕಾಲು ಮುಟ್ಟಿ ನೋಡಿ ಮತ್ತೆ ಮಲಗುತ್ತಿದ್ದಳಂತೆ. ಅಷ್ಟೂ ವರ್ಷ ನಾನು ಪಕ್ಕದಲ್ಲೇ ನಿದ್ದೆ ಮಾಡುತ್ತಿದ್ದೆ. ಟಿವಿ ಉರಿಯುತ್ತಿದ್ದ ಯಾವ ಸಂಜೆಯಲ್ಲೂ ಅವಳಿಗೆ ಹೇಳಬೇಕೆನಿಸದ ಮಾತು ಅದು. ಈಗ ಕರೆಂಟು ಇದ್ದರೂ ಶುಕ್ರವಾರ ನಾವು ದೀಪ ಆರಿಸುತ್ತೇವೆ. ಮೊಬೈಲುಗಳು ಅಡುಗೆಮನೆಯ ಕಪಾಟಿನ ಮೇಲಿರುತ್ತವೆ. ಮನೆಯಲ್ಲಿ ವಯಸ್ಸಾದವರಿರುವುದರಿಂದ ಅವನ್ನು ಪೂರ್ತಿ ಆರಿಸಿಡಲಾಗದು, ಆದರೆ ಕೈಗೆಟುಕದಷ್ಟು ದೂರವಿದ್ದರೆ ಸಾಕು.

ಚಳಿಗೆ ಕೆಂಡದ ಬೋಗುಣಿ ಇಟ್ಟುಕೊಳ್ಳುವವರು ಅದನ್ನು ತೆರೆದ ಜಗಲಿಯಲ್ಲಿಯೇ ಇಟ್ಟುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಮಲಗಿದವರನ್ನು ಎಚ್ಚರಗೊಡದೆ ಕೊಲ್ಲುತ್ತದೆ. ಜಗಲಿಯಲ್ಲಾದರೆ ಅದೇ ಕೆಂಡದಲ್ಲಿ ಬೇಸಿಗೆಯಿಂದ ಕೂಡಿಟ್ಟ ಹಲಸಿನ ಬೀಜ ಸುಡಬಹುದು. ಸುಡುವ ಮುನ್ನ ಸಿಪ್ಪೆಗೊಂದು ಗೀರು ಹಾಕಬೇಕು, ಇಲ್ಲವಾದರೆ ಸಿಡಿಯುತ್ತದೆ.

ನಮ್ಮ ಸಂಜೆಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕಾಫಿ ಹುರಿಯುವ ಸಂಜೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ಆದರೂ ನಮ್ಮಂಥ ಸಣ್ಣ ಬೆಳೆಗಾರರ ಎಷ್ಟೋ ಮನೆಗಳಲ್ಲಿ ಕುಡಿಯುವ ಪುಡಿ ಅಂಗಡಿಯಿಂದ ಬರುತ್ತದೆ. ಚೀಲ ತುಂಬಿ ಮಾರುವ ಬೀಜದಲ್ಲಿ ಎರಡು ಹಿಡಿಯನ್ನು ನಮಗಾಗಿ ಎತ್ತಿಡಬೇಕೆಂದು ನನಗೆ ಹೊಳೆದದ್ದೇ ಈ ಶುಕ್ರವಾರಗಳಿಂದ. ಒಣಗಿದ ಕಾಫಿ ಹಣ್ಣನ್ನು, ಅಂದರೆ ಚೆರಿಯನ್ನು, ಒರಳಿನಲ್ಲಿ ಹದವಾಗಿ ಕುಟ್ಟಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುವುದು ಅವಳಿಗೆ ಚೆನ್ನಾಗಿ ಬರುತ್ತದೆ, ಅವಳ ಅಜ್ಜಿ ಕಲಿಸಿದ್ದು. ದಪ್ಪ ಕಬ್ಬಿಣದ ಬಾಣಲೆಯಲ್ಲಿ ಹುರಿಯುವುದು ನನ್ನ ಕೆಲಸ. ಒಂದು ಕ್ಷಣವೂ ಕೈ ನಿಲ್ಲಿಸುವಂತಿಲ್ಲ. ಹಸಿರು ಬೀಜ ಮೊದಲು ಹಳದಿಯಾಗಿ ಹುಲ್ಲಿನ ವಾಸನೆ ಬರುತ್ತದೆ, ಆಮೇಲೆ ಕಂದಾಗಿ ಸುಟ್ಟ ರೊಟ್ಟಿಯ ವಾಸನೆ, ಅನಂತರ ಚಟಪಟ ಸದ್ದು. ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ ನಮ್ಮಿಬ್ಬರ ಅಭಿಪ್ರಾಯ ಇನ್ನೂ ಕೂಡಿಲ್ಲ; ಅವಳಿಗೆ ಕಡು ಬೇಕು, ನನಗೆ ಅದಕ್ಕಿಂತ ಸ್ವಲ್ಪ ಮೊದಲು. ಇಳಿಸಿದ ಕೂಡಲೇ ಮೊರಕ್ಕೆ ಸುರಿದು ಬೀಸಿ ಆರಿಸಬೇಕು, ಏಕೆಂದರೆ ಬೀಜ ತನ್ನೊಳಗಿನ ಬಿಸಿಗೇ ಇನ್ನಷ್ಟು ಹುರಿಯುತ್ತ ಹೋಗುತ್ತದೆ. ಹುರಿದ ದಿನವೇ ಪುಡಿ ಮಾಡಿದರೆ ರುಚಿ ಒರಟಾಗಿರುತ್ತದೆ; ಒಳಗಿನ ಗಾಳಿ ಹೊರಹೋಗಲು ಒಂದೆರಡು ದಿನ ಬಿಡಬೇಕು. ಹೀಗಾಗಿ ಒಂದು ಸಂಜೆಯ ಕೆಲಸಕ್ಕೆ ಫಲ ಸಿಗುವುದು ಇನ್ನೊಂದು ಸಂಜೆ, ನಡುವಿನ ವಾರವಿಡೀ ಮನೆಯಲ್ಲಿ ಕಾಯುವುದಕ್ಕೊಂದು ಸಂಗತಿ ಇರುತ್ತದೆ.

ಅಡುಗೆ ಬೇಡವೆನಿಸಿದ ದಿನ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಐದಕ್ಕೈದು ಮನೆ ಬರೆದು ಚೌಕಾಬಾರ ಆಡುತ್ತೇವೆ. ನಾಲ್ಕು ಕವಡೆ, ಅವಳಿಗೆ ನಾಲ್ಕು ಹುಣಸೆ ಬೀಜ, ನನಗೆ ನಾಲ್ಕು ಕಾಫಿ ಬೀಜ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಪ್ರವೇಶವಿಲ್ಲ ಎಂಬ ನಿಯಮವನ್ನು ಅವಳು ಎಳ್ಳಷ್ಟೂ ಸಡಿಲಿಸುವುದಿಲ್ಲ. ಕೆಲವು ವಾರ ಮದುವೆಯ ಆಲ್ಬಮ್, ಕೆಲವು ವಾರ ಗ್ರಂಥಾಲಯದಿಂದ ತಂದ ಪುಸ್ತಕವನ್ನು ಒಬ್ಬರು ಓದುವುದು, ಇನ್ನೊಬ್ಬರು ಕೇಳುವುದು. ಏನೂ ಮಾಡದೆ ಒಂದೇ ಕಂಬಳಿ ಹೊದ್ದು ಕುಳಿತ ವಾರಗಳೂ ಇವೆ.

ಹಿರಿಯರಿರುವ ಮನೆಯಲ್ಲಿ ಇದು ಹೇಗೆ ಸಾಧ್ಯವೆಂದು ಗೆಳೆಯರು ಕೇಳುತ್ತಾರೆ. ನಮ್ಮಲ್ಲಿ ಗಂಡಹೆಂಡತಿ ಒಟ್ಟಿಗೆ ಕುಳಿತು ನಗುವುದಕ್ಕೂ ನೆಪ ಬೇಕಾಗುತ್ತದೆ ಎಂಬುದು ನಿಜ. ನಾವು ನೆಪ ಹುಡುಕಲಿಲ್ಲ, ಅಮ್ಮನಿಗೆ ನೇರವಾಗಿ ಹೇಳಿದೆವು. ಅವರು ಏನೂ ಪ್ರಶ್ನಿಸದೆ ಮೊಮ್ಮಗಳನ್ನು ತಮ್ಮ ಕೋಣೆಗೆ ಕರೆದುಕೊಂಡರು. ಕೆಲವು ತಿಂಗಳ ನಂತರ ಒಂದು ಸಂಜೆ, ಅಮ್ಮ ಅಪ್ಪನಿಗೆ ತಾವೇ ಕಾಫಿ ಮಾಡಿಕೊಂಡು ಹಿಂದಿನ ಜಗಲಿಗೆ ಹೋಗಿ ಕುಳಿತಿದ್ದನ್ನು ಕಂಡೆ. ಅವರಿಬ್ಬರೇ ಹಾಗೆ ಕುಳಿತದ್ದನ್ನು ನಾನು ಹುಟ್ಟಿದಂದಿನಿಂದ ನೋಡಿರಲಿಲ್ಲ.

ಮಳೆಗಾಲದ ಆಚೆಗೂ ಇಲ್ಲಿ ಶುಕ್ರವಾರಗಳಿಗೆ ಬರವಿಲ್ಲ. ಫೆಬ್ರುವರಿ ಅಥವಾ ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂವಿನಿಂದ ತೋಟವೆಲ್ಲ ಬೆಳ್ಳಗಾದಾಗ, ಅಂಗಳದಲ್ಲಿ ಚಾಪೆ ಹಾಸಿ ಕುಳಿತರೆ ಮಲ್ಲಿಗೆಯನ್ನು ಹೋಲುವ ಆ ಪರಿಮಳಕ್ಕೆ ಬೇರೇನೂ ಬೇಕಾಗುವುದಿಲ್ಲ. ಡಿಸೆಂಬರಿನ ಶುಭ್ರ ರಾತ್ರಿಗಳಲ್ಲಿ ಕೃತ್ತಿಕೆ, ರೋಹಿಣಿಯರನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು. ಆನೆ ಓಡಾಡುವ ಕಡೆಯವರು ಮಾತ್ರ ರಾತ್ರಿ ಅಂಗಳಕ್ಕೂ ಇಳಿಯದೆ ಜಗಲಿಯಲ್ಲೇ ಉಳಿಯಬೇಕು.

ಈಗ ಕೊಡವರ ಮಳೆಗಾಲದ ತಿಂಗಳು ಕಕ್ಕಡ ನಡೆಯುತ್ತಿದೆ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು. ಮದ್ದುಸೊಪ್ಪು ಎಂಬ ಗಿಡದ ಎಲೆಯಲ್ಲಿ ಹದಿನೆಂಟು ಬಗೆಯ ಔಷಧ ಕೂಡುವ ದಿನವೆಂಬ ನಂಬಿಕೆ. ಸೊಪ್ಪು ಕುದಿಸಿದ ನೀರಿಗೆ ಇಳಿಯುವ ಆ ಗಾಢ ನೇರಳೆ ಬಣ್ಣವನ್ನು ನೋಡುವುದಕ್ಕೆ ನನ್ನ ಹೆಂಡತಿ ಪ್ರತಿ ವರ್ಷವೂ ಮಗುವಿನಂತೆ ಒಲೆಯ ಮುಂದೆ ನಿಲ್ಲುತ್ತಾಳೆ. ಈ ಸಲ ಆ ನೀರಿನ ಪಾಯಸ ಮಾಡುವವನು ನಾನು. ಬೇಲಿಯ ಬದಿಯಲ್ಲಿ ಸೊಪ್ಪು ಚೆನ್ನಾಗಿ ಹಬ್ಬಿದೆ, ಬೆಲ್ಲ ತಂದಿಟ್ಟಿದ್ದೇನೆ. ಹೋದ ಶುಕ್ರವಾರ ಹುರಿದ ಕಾಫಿ ಬೀಜ ಡಬ್ಬಿಯಲ್ಲಿದೆ; ಅದನ್ನು ಇವತ್ತು ರಾತ್ರಿ ಪುಡಿ ಮಾಡಬೇಕು.