ಒಂಬತ್ತು ಮಕ್ಕಳ ಕ್ಲಾಸಿಗೆ ರ‍್ಯಾಂಕ್ ಕೊಡೋದು

ಮೊನ್ನೆ ನಮ್ಮ ಭಾವ ಫ್ಯಾಮಿಲಿ ಗ್ರೂಪಲ್ಲಿ ಒಂದು ಪಟ್ಟಿ ಹಾಕಿದ್ರು. ಸುತ್ತಮುತ್ತಲಿನ ಪ್ರೈಮರಿ ಶಾಲೆಗಳ ಐದನೇ ಕ್ಲಾಸಿನ ಸರಾಸರಿ ಅಂಕ, ಜಾಸ್ತಿಯಿಂದ ಕಮ್ಮಿಗೆ ಜೋಡಿಸಿದ್ದು. ನನ್ನ ಮಗಳು ಓದೋ ಪುಟ್ಟ ಸರ್ಕಾರಿ ಶಾಲೆ ಹೋದ ವರ್ಷ ಮೇಲಿಂದ ಎರಡನೇದು ಇತ್ತು, ಈ ಸಲ ಕೆಳಗಿಂದ ಮೂರನೇದು. ಜೊತೆಗೆ ಒಂದು ನಗೋ ಇಮೋಜಿ, "ಏನಪ್ಪಾ, ನಿಮ್ಮ ಶಾಲೆ ಒಂದೇ ವರ್ಷಕ್ಕೆ ಹಳ್ಳ ಹಿಡೀತಲ್ಲ, ಮೇಷ್ಟ್ರು ನಿದ್ದೆ ಮಾಡ್ತಿದಾರಾ?" ಅಂತ. ನಾನು ಅಲ್ಲೇ ಉತ್ತರ ಟೈಪ್ ಮಾಡೋಕೆ ಶುರು ಮಾಡಿ ಅದು ಉದ್ದ ಆಗ್ತಾ ಆಗ್ತಾ ಹೋಗಿ ಕೊನೆಗೆ ಡಿಲೀಟ್ ಮಾಡಿ ಇಲ್ಲಿ ಬರೀತಿದೀನಿ, ಭಾವ ಇಲ್ಲೂ ಓದ್ತಾರೆ ಅಂತ ಗೊತ್ತು.

ಮೊದಲು ಶಾಲೆ ಬಗ್ಗೆ. 3 ಜನ ಟೀಚರು, ಒಂದರಿಂದ ಐದನೇ ಕ್ಲಾಸಿನವರೆಗೆ ಎಲ್ಲಾ ಸೇರಿ 41 ಮಕ್ಕಳು. ಹೋದ ವರ್ಷ ಐದನೇ ಕ್ಲಾಸಲ್ಲಿ 9 ಮಕ್ಕಳಿದ್ರು, ಸರಾಸರಿ 71 ಬಂತು. ಈ ವರ್ಷ 8 ಮಕ್ಕಳು, ಸರಾಸರಿ 59. 12 ಅಂಕ ದಬಕ್ಕಂತ ಬಿದ್ದಿದೆ, ನಿಜ. ಆದ್ರೆ ಇಷ್ಟು ಸಣ್ಣ ಶಾಲೇಲಿ ಸರಾಸರಿ ಅಂದ್ರೆ ಅದರ ಹಿಂದೆ ಮುಖಗಳೇ ಕಾಣ್ತವೆ. ಹೋದ ವರ್ಷದ 9 ಜನರಲ್ಲಿ ಇಬ್ರು ಅವಳಿ ಹುಡುಗೀರು ಇದ್ರು, ಇಬ್ರೂ ಓದಿನಲ್ಲಿ ಪ್ರಚಂಡರು, ಒಬ್ಳು 95 ಇನ್ನೊಬ್ಳು 96. ಅವರಿಬ್ಬರನ್ನ ಪಕ್ಕಕ್ಕಿಟ್ಟು ಉಳಿದ 7 ಮಕ್ಕಳ ಸರಾಸರಿ ತೆಗೀರಿ, 64. ಈ ವರ್ಷದ 8 ಜನರಲ್ಲಿ ಒಬ್ಬ ಹುಡುಗ ವರ್ಷದ ಮಧ್ಯ ಬಂದು ಸೇರಿದವನು, ಮನೇಲಿ ಬೇರೆ ಭಾಷೆ, ಅವನಿಗೆ ಬಂದಿದ್ದು 20. ಅವನೊಬ್ಬನನ್ನ ಬಿಟ್ಟು ಉಳಿದ 7 ಮಕ್ಕಳ ಸರಾಸರಿ 64 ಚಿಲ್ಲರೆ. ಹೋದ ವರ್ಷ 64, ಈ ವರ್ಷ 64 ಚಿಲ್ಲರೆ. ಅದೇ ಮೇಷ್ಟ್ರು, ಅದೇ ಪಾಠ. ಮೇಲಿಂದ ಎರಡನೇದು ಕೆಳಗಿಂದ ಮೂರನೇದಾಗೋಕೆ ಆಗಿದ್ದು ಇಷ್ಟೇ, ಅವಳಿಗಳು ಮುಂದಿನ ಶಾಲೆಗೆ ಹೋದ್ರು, ಒಬ್ಬ ಹುಡುಗ ಬಂದ. (ಈ ಅಂಕ ಎಲ್ಲಾ ನನಗೆ ಹೆಂಗೆ ಗೊತ್ತು ಅಂತ ಕೇಳಬೇಡಿ, 41 ಮಕ್ಕಳ ಶಾಲೇಲಿ ಯಾರಿಗೆ ಏನು ಗೊತ್ತಿರಲ್ಲ.)

ಇದು ನಾನು ನಮ್ಮ ಶಾಲೆ ಪರವಾಗಿ ವಕಾಲತ್ತು ವಹಿಸ್ತಿರೋದಲ್ಲ, ಇದಕ್ಕೆ ಲೆಕ್ಕ ಇದೆ. ಒಬ್ಬೊಬ್ಬ ಮಗುವಿನ ಅಂಕ ಸರಾಸರಿಯಿಂದ ಸಾಮಾನ್ಯವಾಗಿ ಒಂದು 20 ಅಂಕ ಆಚೀಚೆ ಇರುತ್ತೆ ಅಂತ ಇಟ್ಕೊಳ್ಳಿ. 100 ಮಕ್ಕಳ ಸರಾಸರಿ ತೆಗೆದ್ರೆ ಬರೀ ಅದೃಷ್ಟದಿಂದಲೇ ಅದು 2 ಅಂಕ ಅಲ್ಲಾಡುತ್ತೆ, 9 ಮಕ್ಕಳ ಸರಾಸರಿ ತೆಗೆದ್ರೆ 6–7 ಅಂಕ ಅಲ್ಲಾಡುತ್ತೆ. ಮಕ್ಕಳ ಸಂಖ್ಯೆ ನಾಲ್ಕು ಪಟ್ಟಾದ್ರೆ ಅಲ್ಲಾಟ ಅರ್ಧ ಆಗುತ್ತೆ, ವರ್ಗಮೂಲದ ಲೆಕ್ಕ, 18ನೇ ಶತಮಾನದಲ್ಲೇ ಡಿ ಮ್ವಾವ್ರ್ ಅನ್ನೋ ಗಣಿತಜ್ಞ ಹೇಳಿದ್ದು. ನಾಣ್ಯ 10 ಸಲ ಚಿಮ್ಮಿದ್ರೆ 7 ಸಲ ತಲೆ ಬಂದ್ರೆ ಯಾರೂ ಹುಬ್ಬೇರಿಸಲ್ಲ, 100 ಸಲ ಚಿಮ್ಮಿ 70 ಸಲ ತಲೆ ಬಂದ್ರೆ ನಾಣ್ಯ ತಿರುಗಿಸಿ ನೋಡ್ತೀವಿ. ಅಂದ್ರೆ ಪಟ್ಟಿ ಮಾಡಿದಾಗ ದೊಡ್ಡ ಶಾಲೆಗಳು ಮಧ್ಯದಲ್ಲಿ ಗುಂಪಾಗಿ ಕೂರ್ತವೆ, ಸಣ್ಣ ಶಾಲೆಗಳು ಒಂದೋ ತುದಿಗೆ ಹತ್ತುತ್ತವೆ ಇಲ್ಲಾ ತಳಕ್ಕೆ ಬೀಳ್ತವೆ.

ಇದನ್ನ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಿಜವಾದ ಅಂಕಗಳ ಮೇಲೆ ನೋಡಿದಾರೆ. ಹೊವಾರ್ಡ್ ವೈನರ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಐದನೇ ತರಗತಿಯ 1,662 ಶಾಲೆಗಳ ಅಂಕ ತಗೊಂಡ್ರು. ಅತಿ ಹೆಚ್ಚು ಅಂಕ ತೆಗೆದ 50 ಶಾಲೆಗಳಲ್ಲಿ 6, ಇಡೀ ಪಟ್ಟಿಯ ಅತಿ ಚಿಕ್ಕ 50 ಶಾಲೆಗಳಿಗೆ ಸೇರಿದ್ದವು. ಗಾತ್ರಕ್ಕೂ ಅಂಕಕ್ಕೂ ಸಂಬಂಧ ಇಲ್ಲದಿದ್ರೆ ಒಂದೋ ಎರಡೋ ಬರಬೇಕಿತ್ತು, ಇದು ನಾಲ್ಕು ಪಟ್ಟು. ನೋಡಿದ್ರಾ, ಸಣ್ಣ ಶಾಲೆಯೇ ಒಳ್ಳೇದು ಅಂತ ಯಾರಾದ್ರೂ ಹೇಳ್ತಾರೆ. ಆದ್ರೆ ಅವರು ಪಟ್ಟಿಯ ತಳನೂ ನೋಡಿದ್ರು. ಅತಿ ಕಡಿಮೆ ಅಂಕದ 50 ಶಾಲೆಗಳಲ್ಲಿ 9 ಅದೇ ಚಿಕ್ಕ ಶಾಲೆಗಳ ಗುಂಪಿನವು! ಸಣ್ಣ ಶಾಲೆ ಮೇಲೆ ಭರವಸೆ ಇಟ್ಟವರೂ ಇದಾರೆ, ಗೇಟ್ಸ್ ಫೌಂಡೇಶನ್ ಅಂಥಾ ಸಂಸ್ಥೆ 2000ದ ನಂತರ ಹೈಸ್ಕೂಲುಗಳನ್ನ ಚಿಕ್ಕದು ಮಾಡೋಕೆ ರಾಶಿ ದುಡ್ಡು ಸುರಿದು ಆಮೇಲೆ ಆ ದಾರಿ ಬದಲಿಸ್ತು. ಹಂಗಂತ ಸಣ್ಣ ಶಾಲೆ ಪ್ರಯೋಜನ ಇಲ್ಲ ಅಂತಲೂ ಅಲ್ಲ, ಪಟ್ಟಿಯ ಮೇಲೆ ಬೆರಳಿಟ್ಟು ಎರಡೂ ಹೇಳೋಕಾಗಲ್ಲ ಅಷ್ಟೇ.

ಹಾಗಾದ್ರೆ ಮೂರು ನಾಲ್ಕು ವರ್ಷದ ಅಂಕ ಸೇರಿಸಿ ನೋಡಿದ್ರೆ? ವಾಸಿ, ಒಂದು ವರ್ಷದ್ದಕ್ಕಿಂತ ಖಂಡಿತ ವಾಸಿ. ಆದ್ರೂ ಆ ಅಂಕ ಮನೆಯದ್ದಾ ಶಾಲೆಯದ್ದಾ ಅನ್ನೋ ಪ್ರಶ್ನೆ ಉಳ್ಕೊಳ್ಳುತ್ತೆ. ಅಮೆರಿಕದ ಶಾಲೆಗಳ ಬಗ್ಗೆ ಅಲ್ಲಿನ ಸರ್ಕಾರ ಮಾಡಿಸಿದ 1966ರ ಕೋಲ್ಮನ್ ವರದಿ ಕಾಲದಿಂದಲೂ ಇದು ಹಳೇ ಮಾತು, ಶಾಲೆಯ ಕಟ್ಟಡ ಲ್ಯಾಬು ಇತ್ಯಾದಿಗಿಂತ ಮಗುವಿನ ಮನೆಯ ಹಿನ್ನೆಲೆಗೂ ಅಂಕಕ್ಕೂ ನಂಟು ಜಾಸ್ತಿ. ಆ 20 ಅಂಕದ ಹುಡುಗ ಬಂದಾಗ ಅವನಿಗೆ ಅಕ್ಷರ ಒಂದೂ ಗೊತ್ತಿರಲಿಲ್ಲ, ಈಗ ತಡವರಿಸ್ಕೊಂಡಾದ್ರೂ ಒಂದು ಸಾಲು ಓದ್ತಾನೆ. ಆ ಶಾಲೆ ಈ ವರ್ಷ ಮಾಡಿದ ಅತಿ ದೊಡ್ಡ ಕೆಲಸ ಅದೇ ಅಂತ ನನ್ನ ಅಭಿಪ್ರಾಯ, ಪಟ್ಟೀಲಿ ಅದು ಆ ಶಾಲೆ ಮಾಡಿದ ತಪ್ಪಾಗಿ ಕಾಣುತ್ತೆ.

ಇನ್ನೊಂದು ವಿಷಯ ಭಾವ. ಪರೀಕ್ಷೆ ದಿನ ಆ ಹುಡುಗನಿಗೆ "ಇವತ್ತು ಮನೇಲಿರಪ್ಪ, ನಿನಗೆ ಹುಷಾರಿಲ್ಲ" ಅಂತ ಹೇಳಿ ಕಳಿಸಿದ್ದಿದ್ರೆ ಸರಾಸರಿ 59 ಇದ್ದಿದ್ದು ಕೂತಲ್ಲೇ 64 ದಾಟ್ತಿತ್ತು. 200 ಮಕ್ಕಳ ಶಾಲೇಲಿ ಒಬ್ಬನನ್ನ ಮನೆಗೆ ಕಳಿಸಿದ್ರೆ ಏನೂ ಆಗಲ್ಲ, 8 ಜನರ ಕ್ಲಾಸಲ್ಲಿ ಒಬ್ಬನೇ ಸಾಕು. ಡೊನಾಲ್ಡ್ ಕ್ಯಾಂಪ್‌ಬೆಲ್ ಅನ್ನೋ ಸಮಾಜ ವಿಜ್ಞಾನಿ 1970ರ ದಶಕದಲ್ಲೇ ಹೇಳಿದ್ರು, ಯಾವ ಅಳತೆಗೆ ಜಾಸ್ತಿ ಬೆಲೆ ಕಟ್ತೀರೋ ಅದು ಕೆಡೋ ಒತ್ತಡನೂ ಅಷ್ಟೇ ಜಾಸ್ತಿ, ಯಾವುದನ್ನ ಅಳೀಬೇಕಿತ್ತೋ ಅದನ್ನೂ ಅದು ಕೆಡಿಸುತ್ತೆ ಅಂತ. ನಮ್ಮ ಮೇಷ್ಟ್ರು ಅವನನ್ನ ಕೂರಿಸಿ ಬರೆಸಿದ್ರು. ಮೊದಲನೇ ಸಾಲಲ್ಲೇ ಕೂರಿಸಿದ್ರಂತೆ.

ಸರಿ, ಅಂಕ ಬಿಟ್ರೆ ಮತ್ತೆ ಹೆಂಗೆ ನೋಡೋದು? ಇಲ್ಲಿ ನಾನೂ ಏನು ದೊಡ್ಡ ಜಾಣ ಅಲ್ಲ. ಮಗಳನ್ನ ಸೇರಿಸೋಕೆ ಮುಂಚೆ ಮೊದಲ ಸಲ ಈ ಶಾಲೆಗೆ ಹೋದಾಗ ನನಗೆ ಕಂಡಿದ್ದು ಗಲಾಟೆ ಮತ್ತು ಸುಣ್ಣ ಕಿತ್ತುಹೋದ ಗೋಡೆ. ಒಂದೇ ಕೋಣೇಲಿ ಮೂರು ಕ್ಲಾಸು, ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ, ಮೇಷ್ಟ್ರು ಎಲ್ಲಿದಾರೆ ಅಂತ ಹುಡುಕಬೇಕಿತ್ತು, ಅವರೂ ನೆಲದ ಮೇಲೆ. ಅದೇ ವಾರ ಇನ್ನೊಂದು ಶಾಲೆ ನೋಡಿದ್ದೆ, ಪಿನ್ ಬಿದ್ರೂ ಕೇಳೋವಷ್ಟು ಸೈಲೆಂಟು, ಗೋಡೆ ತುಂಬಾ ಚಾರ್ಟು, ನಾನು ಬಂದ ತಕ್ಷಣ ಎಲ್ಲಾ ಎದ್ದು ನಿಂತು ಒಕ್ಕೊರಲಲ್ಲಿ ನಮಸ್ತೇ ಹೇಳಿದ್ರು. ಮನೆಗೆ ಬಂದು ಹೆಂಡ್ತಿ ಹತ್ರ ಆ ಎರಡನೇ ಶಾಲೇನೇ ಸರಿ ಅಂದೆ. ಅವಳು ಒಂದೇ ಪ್ರಶ್ನೆ ಕೇಳಿದ್ಲು, ಮಕ್ಕಳ ನೋಟ್ಸ್ ತೆಗೆದು ನೋಡಿದ್ರಾ? ನೋಡಿರಲಿಲ್ಲ. ಇಬ್ರೂ ಮತ್ತೆ ಹೋದ್ವಿ.

ಆ ಸೈಲೆಂಟ್ ಶಾಲೇಲಿ ಹತ್ತು ನೋಟ್ಸ್ ತೆಗೆದು ನೋಡಿದ್ರೆ ಹತ್ತರಲ್ಲೂ ಅದೇ ಉತ್ತರ, ಅಕ್ಷರಕ್ಕೆ ಅಕ್ಷರ. ಬೋರ್ಡ್ ಮೇಲೆ ಯಾರೋ ಬರೆದಿದ್ದ ಕಾಗುಣಿತ ತಪ್ಪೂ ಹತ್ತರಲ್ಲೂ ಅದೇ ಜಾಗದಲ್ಲಿ, ಅದರ ಪಕ್ಕ ಕೆಂಪು ಇಂಕಲ್ಲಿ ರೈಟ್ ಮಾರ್ಕು! ಸಣ್ಣ ಶಾಲೇಲಿ ನೋಟ್ಸ್‌ಗಳು ಒಂದಕ್ಕೊಂದು ಹೊಂದಲ್ಲ, ಅಂದಗೆಟ್ಟ ಅಕ್ಷರ, ಚಿತ್ತುಕಾಟು. ಆದ್ರೆ ಒಬ್ಬ ಹುಡುಗ ಕಳೆಯೋ ಲೆಕ್ಕದಲ್ಲಿ ದಶಕ ತಗೊಳ್ಳೋದು ಮರೆತಿದ್ದಕ್ಕೆ ಮೇಷ್ಟ್ರು ಪಕ್ಕದಲ್ಲಿ ಕಡ್ಡಿಗಳ ಕಟ್ಟಿನ ಚಿತ್ರ ಬರೆದಿದ್ರು, ಕೆಳಗೆ ಆ ಹುಡುಗ ಅದೇ ಲೆಕ್ಕ ಮತ್ತೆ ಮಾಡಿದ್ದ, ಎರಡು ದಿನ ಬಿಟ್ಟು ಅಂಥದ್ದೇ ಇನ್ನೊಂದು ಲೆಕ್ಕ ಸರಿ ಮಾಡಿದ್ದ. ಅವತ್ತಿಂದ ನನಗೆ ಒಂದು ಅಭ್ಯಾಸ ಆಗಿದೆ, ಯಾವ ಶಾಲೆಗೆ ಹೋದ್ರೂ ಜಾಣರ ನೋಟ್ಸ್ ಕೇಳಲ್ಲ, ಅವರು ಎಲ್ಲಿದ್ರೂ ಕಲೀತಾರೆ. ಕ್ಲಾಸಲ್ಲಿ ಎಲ್ಲರಿಗಿಂತ ಹಿಂದೆ ಇರೋ ಮಗುವಿನ ಮೂರು ತಿಂಗಳ ಹಿಂದಿನ ಪುಟ ಮತ್ತು ನಿನ್ನೆಯ ಪುಟ, ಇವೆರಡು ಪಕ್ಕ ಪಕ್ಕ ಇಟ್ಟು ನೋಡ್ತೀನಿ. ಎರಡರ ಮಧ್ಯ ಏನಾದ್ರೂ ಬದಲಾಗಿದೆಯಾ? ಆ ತಪ್ಪಿನ ಮೇಲೆ ಯಾರದ್ದಾದ್ರೂ ಕಣ್ಣು ಬಿದ್ದಿದೆಯಾ?

ಓದಿಸಿ ನೋಡೋದಿದ್ರೆ ಅವರ ಪಠ್ಯಪುಸ್ತಕ ಕೊಡಬೇಡಿ. ಪುಸ್ತಕ ತಲೆಕೆಳಗಾಗಿ ಹಿಡ್ಕೊಂಡು ಸರಾಗ ಓದೋ ಮಕ್ಕಳನ್ನ ನಾನೇ ನೋಡಿದೀನಿ, ಪಾಠ ಬಾಯಿಪಾಠ ಆಗಿರುತ್ತೆ. ಅವರು ಕಂಡಿರದ ಕತೆ ಪುಸ್ತಕದ ಒಂದು ಪುಟ ಕೊಡಿ, ಓದಿ ಆದ್ಮೇಲೆ ಏನಾಯ್ತು ಹೇಳು ಅನ್ನಿ.

ಆಮೇಲೆ ಹಿಂದೆ ಒಂದು ಗಂಟೆ ಸುಮ್ನೆ ಕೂತ್ಕೊಳ್ಳಿ, ಟೀಚರ್ ಒಪ್ಪಿದ್ರೆ. ಒಂದೇ ಕೋಣೇಲಿ ಎರಡು ಮೂರು ಕ್ಲಾಸು ನಡೆಯೋ ಶಾಲೇಲಿ ಟೀಚರ್ ಪಾಠ ಮಾಡ್ತಿರೋ ಗುಂಪನ್ನ ಎಲ್ಲಾ ನೋಡ್ತಾರೆ, ನೀವು ಪಾಠ ಮಾಡದೇ ಇರೋ ಗುಂಪನ್ನ ನೋಡಿ. ನಮ್ಮಲ್ಲಿ ಎರಡನೇ ಕ್ಲಾಸಿಗೆ ಪಾಠ ನಡೀವಾಗ ನಾಲ್ಕನೇ ಕ್ಲಾಸಿನವರು ಮುಂದಿನ ಅಭ್ಯಾಸದ ಕಾರ್ಡ್ ಯಾವುದು ಅಂತ ತಾವೇ ಹುಡುಕಿ ತಗೊಂಡು ಕೂತ್ಕೋತಾರೆ, ಸಿಕ್ಕಿಹಾಕ್ಕೊಂಡ್ರೆ ಮೊದಲು ಪಕ್ಕದವರನ್ನ ಕೇಳ್ತಾರೆ, ಆಮೇಲೆ ಐದನೇ ಕ್ಲಾಸಿನವರನ್ನ, ಆಮೇಲೆ ಮೇಷ್ಟ್ರನ್ನ. ನನಗೆ ಗಲಾಟೆ ಅಂತ ಕೇಳಿಸಿದ್ದು ಇದೇ. ಕೊಲಂಬಿಯಾ ದೇಶದಲ್ಲಿ 1970ರ ದಶಕದಿಂದ ಎಸ್ಕ್ವೇಲಾ ನುವೇವಾ ಅಂತ ಇದೇ ರೀತಿ ನಡೀತಿದೆ, ಹಳ್ಳಿಗಾಡಿನ ಒಂದಿಬ್ಬರು ಟೀಚರ್ ಇರೋ ಶಾಲೆಗಳಿಗೆ ಅಂತಲೇ ಮಾಡಿದ್ದು, ಮಕ್ಕಳು ಮಾರ್ಗದರ್ಶಿ ಪುಸ್ತಕ ಹಿಡಿದು ತಮ್ಮ ವೇಗದಲ್ಲಿ ಹೋಗೋದು. ಅದೇ ಕೆಟ್ಟದಾಗಿ ನಡೆಯೋ ಕಡೆ ಉಳಿದ ಗುಂಪುಗಳು ಪುಟಗಟ್ಟಲೆ ಕಾಪಿ ಬರೀತಾ ಕೂತಿರ್ತವೆ, ಸದ್ದೇ ಇರಲ್ಲ. ಜನ ಇಲ್ಲೊಂದು ಗೊಂದಲ ಮಾಡ್ಕೋತಾರೆ, ಚಿಕ್ಕ ಶಾಲೆ ಅಂದ್ರೆ ಚಿಕ್ಕ ಕ್ಲಾಸು ಅಂತ. ಅಮೆರಿಕದ ಟೆನೆಸಿಯಲ್ಲಿ 1985ರಿಂದ ನಡೆದ ದೊಡ್ಡ ಪ್ರಯೋಗದಲ್ಲಿ 13–17 ಮಕ್ಕಳ ಕ್ಲಾಸಿನವರು 22–25 ಮಕ್ಕಳ ಕ್ಲಾಸಿನವರಿಗಿಂತ ಓದು ಲೆಕ್ಕ ಎರಡರಲ್ಲೂ ಮುಂದೆ ಬಂದ್ರು, ಆದ್ರೆ ಅದು ಕ್ಲಾಸಿನ ಗಾತ್ರದ ಮಾತು. ಒಬ್ಬ ಟೀಚರ್ ಹತ್ರ ಮೂರು ಕ್ಲಾಸಿನ 25 ಮಕ್ಕಳಿದ್ರೆ ಅದು ಬೇರೆಯೇ ಕತೆ.

ಕೂತಾಗ ಇನ್ನೊಂದು ಗಮನಿಸಿ, ಪ್ರಶ್ನೆ ಕೇಳಿದ ಮೇಲೆ ಟೀಚರ್ ಎಷ್ಟು ಹೊತ್ತು ಕಾಯ್ತಾರೆ. ಮೇರಿ ಬಡ್ ರೋ ಅನ್ನೋ ಸಂಶೋಧಕಿ ಕ್ಲಾಸುಗಳನ್ನ ರೆಕಾರ್ಡ್ ಮಾಡಿ ಲೆಕ್ಕ ಹಾಕಿದಾಗ ಟೀಚರುಗಳು ಸರಾಸರಿ ಒಂದು ಸೆಕೆಂಡಷ್ಟೇ ಕಾಯ್ತಿದ್ರು. ಅದನ್ನ 3 ಸೆಕೆಂಡ್ ಮಾಡಿದ್ರೆ ಉತ್ತರ ಉದ್ದ ಆಗುತ್ತೆ, ಸುಮ್ನೆ ಕೂತಿರೋ ಮಕ್ಕಳೂ ಬಾಯಿ ಬಿಡ್ತಾರೆ. 3 ಸೆಕೆಂಡು ಏನು ಮಹಾ ಅನ್ನಿಸಬಹುದು, ಕೂತು ಎಣಿಸಿ ನೋಡಿ, ಯುಗ ಆದಂಗಾಗುತ್ತೆ.

ಉಳಿದಿದ್ದು ಬೇಗ ಹೇಳ್ತೀನಿ. ಲೈಬ್ರರಿ ಪುಸ್ತಕ ಹರಿದಿದ್ರೆ ಖುಷಿ ಪಡಿ, ಹೊಸದಾಗಿ ಹೊಳೀತಾ ಬೀರುವಲ್ಲಿ ಬೀಗ ಹಾಕ್ಕೊಂಡಿದ್ರೆ ಅಲ್ಲ. ಟಾಯ್ಲೆಟ್ ನೋಡಿ, ನೀರು ಮಾತ್ರ ಅಲ್ಲ ಒಳಗಿನ ಚಿಲಕ ನೋಡಿ. ಮೂರು ದಿನ ಬರದ ಮಗು ಯಾಕೆ ಬಂದಿಲ್ಲ ಅಂತ ಕೇಳಿ, ಸಣ್ಣ ಶಾಲೇಲಿ ಇದಕ್ಕೆ ಉತ್ತರ ಗೊತ್ತಿರದಿದ್ರೆ ಅದಕ್ಕೆ ಯಾವ ಸಬೂಬೂ ಇಲ್ಲ.

ಈಗ ನಮ್ಮ ಶಾಲೆಯ ಹುಳುಕೂ ಹೇಳಿಬಿಡ್ತೀನಿ ಇಲ್ಲಾಂದ್ರೆ ಭಾವ ಬಿಡಲ್ಲ. ಓದು ಬರಹ ಚೆನ್ನಾಗಿದೆ, ಭಾಗಾಕಾರ ಕುಂಟುತ್ತೆ, ಭಿನ್ನರಾಶಿ ಇನ್ನೂ ಕಷ್ಟ. ಯಾಕಂದ್ರೆ ಮೂರೂ ಜನ ಟೀಚರಿಗೆ ಭಾಷೆ ಇಷ್ಟ, ಲೆಕ್ಕ ಅಷ್ಟಕ್ಕಷ್ಟೇ. ದೊಡ್ಡ ಶಾಲೇಲಿ ಹತ್ತು ಜನರಲ್ಲಿ ಒಬ್ರಾದ್ರೂ ಲೆಕ್ಕದ ಹುಚ್ಚಿನವರು ಸಿಗ್ತಾರೆ. ಮಗಳ ಕ್ಲಾಸಲ್ಲಿ ಹುಡುಗೀರು ಇಬ್ರೇ, ಇಬ್ರೂ ಜಗಳ ಆಡಿದ ದಿನ ಇವಳಿಗೆ ಶಾಲೆ ಅಂದ್ರೆ ಬೇಡ, ಬೇರೆ ಗುಂಪಿಗೆ ಹೋಗಿ ಸೇರ್ಕೊಳ್ಳೋಣ ಅಂದ್ರೆ ಬೇರೆ ಗುಂಪೇ ಇಲ್ಲ. ಒಬ್ಬ ಟೀಚರ್ ಜೊತೆ ಮಗು ಹೊಂದಿಕೊಂಡ್ರೆ ಐದು ವರ್ಷ ಹಬ್ಬ, ಹೊಂದದಿದ್ರೆ ಅದೇ ಐದು ವರ್ಷ ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ.

ಎಲ್ಲಕ್ಕಿಂತ ನನಗೆ ಹೆದರಿಕೆ ಇರೋದು, ಒಬ್ರು ಟ್ರಾನ್ಸ್‌ಫರ್ ಆದ್ರೆ ಶಾಲೆಯ ಮೂರನೇ ಒಂದು ಭಾಗವೇ ಹೋದಂಗೆ. ಇಷ್ಟೊತ್ತು ನಾನು ಹೊಗಳಿದ್ದು ಶಾಲೆಯನ್ನಾ, ಆ ಒಬ್ಬ ಮೇಷ್ಟ್ರನ್ನಾ ಅಂತ ನನಗೇ ಪೂರ್ತಿ ಗೊತ್ತಿಲ್ಲ. ಒಂದಿನ ಅವರನ್ನೇ ಕೇಳ್ದೆ, ಸಾರ್ ನೀವು ಹೋದ್ರೆ ಮುಂದಿನವರಿಗೆ ಏನು ಗೊತ್ತಿರುತ್ತೆ ಅಂತ. ಬೀರುವಿಂದ ಒಂದು ಉದ್ದದ ಪುಸ್ತಕ ತೆಗೆದು ತೋರಿಸಿದ್ರು. ಮಗುವಿಗೆ ಒಂದೊಂದು ಪುಟ, ಯಾವ ಅಕ್ಷರದಲ್ಲಿ ತಡವರಿಸ್ತಾನೆ, ಯಾವ ಲೆಕ್ಕ ಆಗಲ್ಲ, ಯಾರ ಪಕ್ಕ ಕೂರಿಸಿದ್ರೆ ಮಾತಾಡ್ತಾನೆ. ಆ 20 ಅಂಕದ ಹುಡುಗನದ್ದು ಒಂದೇ ವರ್ಷಕ್ಕೆ ನಾಲ್ಕು ಪುಟ ಆಗಿತ್ತು. ನನ್ನ ಮಗಳ ಪುಟದಲ್ಲಿ "ಭಾಗಾಕಾರ ಬರಲ್ಲ, ಬರುತ್ತೆ ಅಂತ ಹೇಳ್ತಾಳೆ" ಅಂತಿತ್ತು. ಮನೇಲಿ ನಮಗೂ ಅದನ್ನೇ ಹೇಳಿದ್ಲು ಕಳ್ಳಿ.

ಭಾವನಿಗೆ ಕೊನೆಗೆ ಗ್ರೂಪಲ್ಲಿ ಇಷ್ಟೇ ಹಾಕ್ದೆ, "ಭಾವ, ಒಂದಿನ ಬನ್ನಿ, ಮೇಷ್ಟ್ರನ್ನ ಕೇಳಿ ಇಟ್ಟಿರ್ತೀನಿ, ಒಂದು ಗಂಟೆ ಹಿಂದೆ ಕೂತು ನೋಡಿ, ಆಮೇಲೆ ನೀವೇ ರ‍್ಯಾಂಕ್ ಕೊಡಿ." ನೀಲಿ ಟಿಕ್ ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ.